ನಿಂತ ಯಂತ್ರದ ಲೆಕ್ಕ

ಮನೆವಾರ್ತೆಯನ್ನು ನಡೆಸುವವರಿಗೆ ಲೆಕ್ಕವಿಡುವುದು ಹೊಸದಲ್ಲ. ಅಕ್ಕಿ ಬೇಳೆಗಳಿಗೆ ತೆತ್ತ ಹಣ, ಮಕ್ಕಳ ಶಾಲೆಯ ಶುಲ್ಕ, ಗ್ಯಾಸಿನ ಸಿಲಿಂಡರನ್ನು ಬದಲಿಸಿದ ತಾರೀಖು, ಇವೆಲ್ಲವೂ ಒಂದು ಪುಸ್ತಕದಲ್ಲಿಯೋ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿಯೋ ದಾಖಲಾಗುತ್ತವೆ. ಇವು ನಡೆದುದರ ಲೆಕ್ಕ. ಆದರೆ ನಡೆಯದೆ ಹೋದುದರ ಲೆಕ್ಕವನ್ನೂ ನಮ್ಮ ಗೃಹಿಣಿಯರು ಇಡುತ್ತಾರೆಂಬುದನ್ನು ವಾಚಕರು ಗಮನಿಸಿರಬಹುದು. ಹಾಲಿನವನು ಬಾರದ ದಿನ, ಪತ್ರಿಕೆ ಬೀಳದ ದಿನ, ಕ್ಯಾಲೆಂಡರಿನ ಆ ಅಂಕಿಯ ಮೇಲೆ ಒಂದು ಸೊನ್ನೆಯನ್ನೋ ಅಡ್ಡಗೆರೆಯನ್ನೋ ಎಳೆದಿಡುವ ಪದ್ಧತಿ ಎಷ್ಟೋ ಮನೆಗಳಲ್ಲಿ ಉಂಟು. ತಿಂಗಳ ಕೊನೆಯಲ್ಲಿ ಲೆಕ್ಕ ತೀರಿಸುವಾಗ ಆ ಗೆರೆಗಳೇ ಸಾಕ್ಷಿ. ಬಂದ ದಿನಗಳನ್ನು ಯಾರೂ ಗುರುತಿಸುವುದಿಲ್ಲ. ಬಾರದ ದಿನಗಳೇ ಬರೆಹಕ್ಕೆ ಬರುತ್ತವೆ.

ಇಲ್ಲದುದನ್ನು ಬರೆದಿಡುವುದು ಹೇಗೆ ಎಂಬುದು ಸಣ್ಣ ಪ್ರಶ್ನೆಯಲ್ಲ. ನಮ್ಮ ತರ್ಕಶಾಸ್ತ್ರದವರು ಅಭಾವವೆಂಬುದನ್ನು ಏಳನೆಯ ಪದಾರ್ಥವೆಂದೇ ಎಣಿಸಿ, ಅದರ ವಿಷಯವಾಗಿ ಬಹುವಾಗಿ ವಿಚಾರಮಾಡಿದ್ದಾರೆ. ಅವರ ಪ್ರಕಾರ ಬರಿಯ 'ಇಲ್ಲ' ಎಂಬ ಮಾತಿಗೆ ಅರ್ಥವಿಲ್ಲ. ಯಾವುದು ಇಲ್ಲ, ಎಲ್ಲಿ ಇಲ್ಲ, ಎಂಬೆರಡನ್ನೂ ಹೇಳಿದಲ್ಲದೆ ಅಭಾವವು ತಿಳಿಯಬರುವುದಿಲ್ಲ. ನೆಲದ ಮೇಲೆ ಗಡಿಗೆಯಿಲ್ಲವೆಂದರೆ ಗಡಿಗೆಯು ಆ ಅಭಾವದ ಪ್ರತಿಯೋಗಿ, ನೆಲವು ಅದರ ಆಶ್ರಯ. ಹಾಲಿನವನು ಬರುವ ವಾಡಿಕೆಯಿದ್ದ ಮನೆಗೆ ಮಾತ್ರ ಆತನು 'ಬಾರದ ದಿನ' ಉಂಟೇ ಹೊರತು, ಹಾಲನ್ನೇ ತರಿಸದ ಮನೆಯ ಕ್ಯಾಲೆಂಡರಿನಲ್ಲಿ ಆ ಗೆರೆಗೆ ಎಡೆಯೆಲ್ಲಿಯದು?

ಸಂಸ್ಕೃತವನ್ನು ಓದಿ ಮೂವತ್ತು ವರ್ಷಗಳಿಗೂ ಮಿಕ್ಕು ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನಮಗೆ ಈ ಅಭಾವವಿಚಾರವು ಕಾರ್ಖಾನೆಯ ಜಗಲಿಯ ಮೇಲೆ ಉಪಯೋಗಕ್ಕೆ ಬಂದೀತೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆವು. ಆದರೆ ಹಾಗೆಯೇ ಆಯಿತು. ನಮ್ಮ ಬಳಿ ಓದಿದ ಶಿಷ್ಯನೊಬ್ಬನು ಈಗ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಾರ್ಖಾನೆಯನ್ನು ನಡೆಸುತ್ತಿದ್ದಾನೆ. ವಾಹನಗಳಿಗೆ ಬೇಕಾದ ಉಕ್ಕಿನ ಬಿಡಿಭಾಗಗಳನ್ನು ಕಡೆದು ಕೊಡುವುದು ಅಲ್ಲಿಯ ಕೆಲಸ. ಅಲ್ಲಿರುವ ಲೇತುಗಳು ನಾವು ಬಾಲ್ಯದಲ್ಲಿ ಕಂಡಂತೆ ಕೈಯಿಂದ ಚಕ್ರ ತಿರುವುವ ಲೇತುಗಳಲ್ಲ. ಗಣಕದ ಅಪ್ಪಣೆಯಂತೆ ತಾವೇ ಕಡೆಯುವ ಸಿಎನ್‌ಸಿ ಯಂತ್ರಗಳು. ಆತನು ಒಂದು ದಿನ ನಮ್ಮಲ್ಲಿಗೆ ಬಂದು, "ಸಾರ್, ಮಿಷನ್ ಯಾಕೆ ನಿಂತಿತು ಅಂತ ಬರೆಯೋದಕ್ಕೆ ಒಂದು ಸಾಫ್ಟ್‌ವೇರ್ ಹಾಕಿಸಿದ್ದೀನಿ. ಅದರಲ್ಲಿರೋ ಕನ್ನಡ ನಮ್ಮ ಹುಡುಗರಿಗೆ ಅರ್ಥವಾಗ್ತಾ ಇಲ್ಲ. ನೀವು ಒಂದು ಸಲ ಬಂದು ನೋಡಬೇಕು" ಎಂದನು. ಮೆಟ್ರೋ ರೈಲಿನಲ್ಲಿ ಹೋಗಿ ಬರುವುದು ಸುಲಭ. ನಿವೃತ್ತರಾದ ನಮಗೆ ಹೊತ್ತಿಗೇನೂ ಬಡತನವಿಲ್ಲ. ಹೋದೆವು.

ಆ ತಂತ್ರಾಂಶವು ಮಾಡುವ ಕೆಲಸವನ್ನು ಮೊದಲು ತಿಳಿಸುವೆವು. ಪ್ರತಿಯೊಂದು ಯಂತ್ರದ ತಲೆಯ ಮೇಲೂ ಹಸುರು, ಹಳದಿ, ಕೆಂಪು ದೀಪಗಳ ಒಂದು ಸಣ್ಣ ಕಂಬವುಂಟು. ಯಂತ್ರವು ಕಡೆಯುತ್ತಿರುವಾಗ ಹಸುರು ಉರಿಯುವುದು. ಅದು ಕೆಟ್ಟು ನಿಂತೊಡನೆ ಕೆಂಪು ಹತ್ತುವುದು. ಈ ಸೂಚನೆಯು ತಂತಿಯ ಮೂಲಕ ಗಣಕಕ್ಕೂ ಹೋಗಿ, ಇಂತಹ ಯಂತ್ರವು ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ನಿಂತಿತೆಂದು ತಾನಾಗಿಯೇ ದಾಖಲಾಗುವುದು. ಮತ್ತೆ ಓಡತೊಡಗಿದಾಗ ಆ ಹೊತ್ತೂ ದಾಖಲಾಗುವುದು. ಅಲ್ಲಿಯವರೆಗೆ ಮನುಷ್ಯನ ಕೈವಾಡವಿಲ್ಲ. ಆದರೆ ಏಕೆ ನಿಂತಿತೆಂಬುದು ದೀಪಕ್ಕೆ ತಿಳಿಯದು. ಅದನ್ನು ಯಂತ್ರದ ಮುಂದೆ ನಿಂತ ಕೆಲಸಗಾರನೇ ಹೇಳಬೇಕು. ಪಕ್ಕದಲ್ಲಿ ತೂಗಹಾಕಿದ ಫಲಕದ ಮೇಲೆ ಕಾರಣಗಳ ಪಟ್ಟಿಯು ಮೂಡುವುದು. ಆತನು ಅವುಗಳಲ್ಲೊಂದನ್ನು ಬೆರಳಿನಿಂದ ಒತ್ತಬೇಕು. ಹೀಗೆ ಕಾಲವನ್ನು ಯಂತ್ರವು ಬರೆಯುವುದು, ಕಾರಣವನ್ನು ಮನುಷ್ಯನು ಬರೆಯುವನು.

ಪಟ್ಟಿಯನ್ನು ನೋಡುವ ಮೊದಲು ನಾವು ಕೇಳಿದ ಪ್ರಶ್ನೆ, ಯಾವುದನ್ನು ನಿಲುಗಡೆಯೆಂದು ಎಣಿಸುತ್ತೀರಿ ಎಂಬುದು. ಭಾನುವಾರ ಕಾರ್ಖಾನೆಗೆ ಬೀಗ ಹಾಕಿದಾಗ ಯಂತ್ರವು ನಿಂತಿರುತ್ತದೆ. ಊಟದ ಹೊತ್ತಿನಲ್ಲಿಯೂ ನಿಂತಿರುತ್ತದೆ. ಅವು ಲೆಕ್ಕಕ್ಕೆ ಬರುವುದಿಲ್ಲವೆಂದು ಶಿಷ್ಯನು ಹೇಳಿದನು. ಓಡಬೇಕೆಂದು ಮೊದಲೇ ಗೊತ್ತುಮಾಡಿದ ಹೊತ್ತಿನಲ್ಲಿ ಓಡದಿದ್ದರೆ ಮಾತ್ರ ಅದು ನಿಲುಗಡೆ. ತರ್ಕದವರ ಪ್ರತಿಯೋಗಿಯು ಇಲ್ಲಿಗೂ ಬಂದನಲ್ಲವೆ ಎಂದು ನಮಗೆ ಸಂತೋಷವಾಯಿತು. ಒಂದು ಪಾಳಿಗೆ 8 ಗಂಟೆ, ಅಂದರೆ 480 ನಿಮಿಷ. ಊಟಕ್ಕೂ ಚಹಕ್ಕೂ 40 ನಿಮಿಷ ಕಳೆದರೆ 440 ನಿಮಿಷ ಓಡಬೇಕಾದ ಕಾಲ. ಅದರಲ್ಲಿ 66 ನಿಮಿಷ ನಿಂತಿತೆನ್ನೋಣ. ಓಡಿದುದು 374 ನಿಮಿಷ. ನೂರಕ್ಕೆ 85 ಪಾಲು ಯಂತ್ರವು ಕೈಗೆ ದೊರೆತಂತಾಯಿತು. ಓಡಬೇಕಾದ ಕಾಲವನ್ನು ನೆಟ್ಟಗೆ ಗೊತ್ತುಮಾಡದೆ ನಿಲುಗಡೆಯನ್ನು ಅಳೆಯಹೋದರೆ, ಹಾಲು ತರಿಸದ ಮನೆಯ ಕ್ಯಾಲೆಂಡರಿನಲ್ಲಿ ಗೆರೆಯೆಳೆದಂತೆಯೇ ಸರಿ.

ಈ ಲೆಕ್ಕವನ್ನು ಒಂದು ಶಾಸ್ತ್ರವಾಗಿ ಏರ್ಪಡಿಸಿದವರು ಜಪಾನಿನವರು. ಅಲ್ಲಿಯ ನಿಪ್ಪೊನ್‌ಡೆನ್ಸೊ ಕಾರ್ಖಾನೆಯವರು ಯಂತ್ರಗಳ ಪಾಲನೆಯನ್ನು ದುರಸ್ತಿಯವರಿಗಷ್ಟೇ ಬಿಡದೆ ಎಲ್ಲ ಕೆಲಸಗಾರರ ಹೊಣೆಯನ್ನಾಗಿ ಮಾಡಿ 1971ರಲ್ಲಿ ಅದಕ್ಕಾಗಿ ಬಹುಮಾನವನ್ನು ಪಡೆದರು. ಆ ಪದ್ಧತಿಯನ್ನು ಲೋಕಕ್ಕೆ ತಿಳಿಸಿದ ಸೈಇಚಿ ನಾಕಾಜಿಮಾ ಎಂಬವರು ಯಂತ್ರದ ಕಾಲವು ಹಾಳಾಗುವ ಬಗೆಗಳನ್ನು ಆರಾಗಿ ವಿಂಗಡಿಸಿದರು. ಯಂತ್ರವು ಕೆಡುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಅಣಿಮಾಡುವುದು, ಆಗಾಗ ಕ್ಷಣಹೊತ್ತು ನಿಲ್ಲುವುದು, ನಿಧಾನವಾಗಿ ಓಡುವುದು, ಕೆಟ್ಟ ಮಾಲು ಹುಟ್ಟುವುದು, ಆರಂಭದಲ್ಲಿ ಹದಕ್ಕೆ ಬರುವವರೆಗೆ ಮಾಲು ಹಾಳಾಗುವುದು. ಯಂತ್ರವು ದೊರೆತ ಪಾಲು ನೂರಕ್ಕೆ 90, ಓಡಿದ ವೇಗ 95, ಒಳ್ಳೆಯ ಮಾಲು 99 ಆಗಬೇಕೆಂಬುದು ಅವರು ಮುಂದಿಟ್ಟ ಗುರಿ. ಮೂರನ್ನೂ ಗುಣಿಸಿದರೆ ನೂರಕ್ಕೆ ಸುಮಾರು 85 ಆಗುವುದು. ಬೇರೆ ಬೇರೆಯಾಗಿ ಇಷ್ಟು ಚೆನ್ನಾಗಿ ಕಾಣುವ ಅಂಕಿಗಳು ಕೂಡಿದಾಗ ಇಷ್ಟಕ್ಕಿಳಿಯುತ್ತವೆಂಬುದನ್ನು ನೋಡಿದರೆ, ಸಣ್ಣ ಸಣ್ಣ ನಿಲುಗಡೆಗಳನ್ನು ಬರೆದಿಡಬೇಕಾದ ಅಗತ್ಯವು ಮನಸ್ಸಿಗೆ ಬರುವುದು.

ಇನ್ನು ಪಟ್ಟಿಯ ಮಾತು. ಫಲಕದ ಮೇಲಿನ ಕನ್ನಡವನ್ನು ಓದಿದಾಗ ನಗಬೇಕೋ ಅಳಬೇಕೋ ತಿಳಿಯದಾಯಿತು. ಇಂಗ್ಲಿಷಿನ ಪಟ್ಟಿಯನ್ನು ಯಾವುದೋ ಗಣಕವೇ ಕನ್ನಡಕ್ಕೆ ತಿರುಗಿಸಿತ್ತಂತೆ. ಕರೆಂಟು ಹೋಯಿತೆಂಬುದಕ್ಕೆ 'ಅಧಿಕಾರ ವೈಫಲ್ಯ' ಎಂದಿತ್ತು. ಕಡೆಯುವ ಉಳಿ ಸವೆದುದಕ್ಕೆ 'ಉಪಕರಣ ಧರಿಸು' ಎಂದಿತ್ತು. ಉಳಿಯ ತುದಿಗೆ ಕೂರಿಸುವ ಗಟ್ಟಿಲೋಹದ ಬಿಲ್ಲೆಯನ್ನು ಅಲ್ಲಿಯವರು ಇನ್‌ಸರ್ಟ್ ಎನ್ನುತ್ತಾರೆ; ಅದನ್ನು ಬದಲಿಸುವುದಕ್ಕೆ 'ಸೇರಿಸು ಬದಲಾವಣೆ' ಎಂದಿತ್ತು. ಇವನ್ನು ಓದಿ ಸರಿಯಾದುದನ್ನು ಒತ್ತಬೇಕೆಂದರೆ ಕೆಲಸಗಾರನು ಮೊದಲು ಒಗಟು ಬಿಡಿಸುವುದನ್ನು ಕಲಿಯಬೇಕಾಗುತ್ತಿತ್ತು.

ಶಿಷ್ಯನು ನಮ್ಮಿಂದ ಶುದ್ಧವಾದ ಸಂಸ್ಕೃತಶಬ್ದಗಳನ್ನು ನಿರೀಕ್ಷಿಸಿದ್ದನೆಂದು ತೋರುತ್ತದೆ. ವಿದ್ಯುದ್ವಿಚ್ಛೇದ, ಸಾಧನಕ್ಷಯ ಎಂದು ಬರೆದುಕೊಡುವುದು ನಮಗೆ ಕಷ್ಟವಾಗಿರಲಿಲ್ಲ. ಆದರೆ ಹೆಸರಿನ ಪ್ರಯೋಜನವು ಹೆಸರಿಟ್ಟವನ ಪಾಂಡಿತ್ಯವನ್ನು ತೋರುವುದಲ್ಲ, ಕೇಳಿದವನಿಗೆ ವಸ್ತುವನ್ನು ತೋರುವುದು. ಆದಕಾರಣ ನಾವು ಒಂದು ಪುಸ್ತಕವನ್ನು ಹಿಡಿದುಕೊಂಡು ಎರಡು ದಿನ ಯಂತ್ರದಿಂದ ಯಂತ್ರಕ್ಕೆ ನಡೆದು, ಇದಕ್ಕೆ ನೀವು ಏನೆನ್ನುತ್ತೀರಿ ಎಂದು ಕೇಳಿ ಕೇಳಿ ಬರೆದುಕೊಂಡೆವು. 'ಕರೆಂಟ್ ಇಲ್ಲ', 'ಟೂಲ್ ಸವೆದಿದೆ', 'ಇನ್‌ಸರ್ಟ್ ಬದಲಿ', 'ಸೆಟ್ಟಿಂಗ್', 'ಮಾಲು ಬಂದಿಲ್ಲ', 'ಕೂಲಂಟ್ ಖಾಲಿ', 'ಏನೋ ಸದ್ದು', 'ಅಳತೆಗೆ ಕಾಯ್ತಾ ಇದೆ', 'ಮೆಕ್ಯಾನಿಕ್‌ಗೆ ಕಾಯ್ತಾ ಇದೆ', ಹೀಗೆ ಹದಿನಾಲ್ಕು ಕಾರಣಗಳಾದುವು. ಇದಕ್ಕೂ ಹೆಚ್ಚಾದರೆ ಓದುವಷ್ಟರಲ್ಲಿ ಬೇಸರ ಬಂದು ಮೊದಲನೆಯದನ್ನೇ ಒತ್ತಿಬಿಡುತ್ತಾರೆ. ತೀರ ಕಡಿಮೆಯಾದರೆ ಬೇರೆ ಬೇರೆ ರೋಗಗಳು ಒಂದೇ ಹೆಸರಿನಲ್ಲಿ ಅಡಗಿಕೊಳ್ಳುತ್ತವೆ.

ಆ ಪಟ್ಟಿಯಲ್ಲಿ ಒಂದು ವಿಶೇಷವನ್ನು ಕಂಡೆವು. 'ಮೆಕ್ಯಾನಿಕ್‌ಗೆ ಕಾಯ್ತಾ ಇದೆ' ಎಂಬುದೂ ರಿಪೇರಿಯೂ ಒಂದೇ ಅಲ್ಲವೆಂದು ಕೆಲಸಗಾರರೇ ಹೇಳಿದರು. ಯಂತ್ರವು ಕೆಟ್ಟ ಹೊತ್ತು, ಮೆಕ್ಯಾನಿಕ್ಕನು ಬಂದ ಹೊತ್ತು, ಕೆಲಸ ಮೊದಲಾದ ಹೊತ್ತು, ಬಿಡಿಭಾಗಕ್ಕೆ ಕಾದ ಹೊತ್ತು, ಮತ್ತೆ ಓಡಿಸಿ ನೋಡಿದ ಹೊತ್ತು, ಇವೆಲ್ಲವನ್ನೂ ಬೇರೆ ಬೇರೆ ಬರೆಯಬೇಕು. ಒಂದು ತಿಂಗಳಲ್ಲಿ 160 ಗಂಟೆ ಓಡಿದ ಯಂತ್ರವು 8 ಸಲ ಕೆಟ್ಟರೆ, ಸರಾಸರಿ 20 ಗಂಟೆ ಓಡಿದ ಮೇಲೆ ಒಮ್ಮೆ ಕೆಟ್ಟಂತಾಯಿತು. ಆ 8 ಸಲಕ್ಕೂ ಸೇರಿ 12 ಗಂಟೆ ನಿಂತಿದ್ದರೆ ಸಲಕ್ಕೆ ಒಂದೂವರೆ ಗಂಟೆ. ಆದರೆ ಆ ಒಂದೂವರೆ ಗಂಟೆಯಲ್ಲಿ ಒಂದು ಗಂಟೆಯು ಬೇರಿಂಗು ಅಂಗಡಿಯಿಂದ ಬರುವವರೆಗೆ ಕಾದುದೇ ಆಗಿದ್ದರೆ, ಮೆಕ್ಯಾನಿಕ್ಕನನ್ನು ನಿಧಾನಿಯೆಂದು ಜರೆದು ಫಲವೇನು? ಅದು ಸಾಮಾನಿನ ಕೋಣೆಯ ದೋಷ. ಹಾಗೆಯೇ ಯಂತ್ರದಲ್ಲಿ ಕೊರತೆಯಿರುವುದೂ ಯಂತ್ರವು ನಿಂತಿರುವುದೂ ಬೇರೆ. ಎಣ್ಣೆ ಸೋರುತ್ತಲೇ ಓಡುವ ಯಂತ್ರವುಂಟು. ಆದುದರಿಂದ ದುರಸ್ತಿಯ ಚೀಟಿಯನ್ನು ಬರೆಯುವಾಗ 'ಯಂತ್ರ ನಿಂತಿದೆಯೇ' ಎಂಬ ಚೌಕಕ್ಕೆ ಪ್ರತ್ಯೇಕವಾಗಿ ಗುರುತು ಹಾಕುವ ಏರ್ಪಾಡು ಇಂತಹ ತಂತ್ರಾಂಶಗಳಲ್ಲಿ ಇರುತ್ತದೆ. ಆ ಗುರುತನ್ನು ಮರೆತರೆ ನಿಂತ ಹೊತ್ತು ನಿಲುಗಡೆಯ ಲೆಕ್ಕಕ್ಕೆ ಸೇರುವುದಿಲ್ಲ. ಓಡುತ್ತಿರುವ ಯಂತ್ರಕ್ಕೆ ಹಾಕಿದರೆ ಇಲ್ಲದ ನಿಲುಗಡೆಯು ಲೆಕ್ಕಕ್ಕೆ ಸೇರುವುದು.

ಪಟ್ಟಿಯು ಸಿದ್ಧವಾಯಿತು, ನಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದೆವು. ಒಂದೂವರೆ ತಿಂಗಳ ಮೇಲೆ ಶಿಷ್ಯನು ಮತ್ತೆ ಬಂದನು. ಆತನ ಮುಖವು ಬಾಡಿತ್ತು. ಗಣಕವು ತೆಗೆದುಕೊಟ್ಟ ಚಿತ್ರದಲ್ಲಿ ಕಾರಣಗಳ ಕಂಬಗಳು ಸಾಲಾಗಿ ನಿಂತಿದ್ದುವು. ಎಲ್ಲಕ್ಕೂ ಎತ್ತರವಾದುದು 'ಇತರೆ'. ಅದರ ಪಕ್ಕದಲ್ಲಿ, ಹೆಚ್ಚು ಕಡಿಮೆ ಅಷ್ಟೇ ಎತ್ತರವಾಗಿ, 'ಕರೆಂಟ್ ಇಲ್ಲ'. 'ಏನೋ ಸದ್ದು' ಎಂಬುದು ನೆಲಕ್ಕಂಟಿಕೊಂಡಿತ್ತು. ವಿಚಿತ್ರವೇನೆಂದರೆ, ನಾಲ್ಕನೆಯ ಯಂತ್ರಕ್ಕೆ ಕರೆಂಟಿಲ್ಲವೆಂದು ಬರೆದಿದ್ದ ಹೊತ್ತಿನಲ್ಲಿಯೇ ಅದೇ ಸಾಲಿನ ಮೂರನೆಯದೂ ಐದನೆಯದೂ ಸುಖವಾಗಿ ಓಡುತ್ತಿದ್ದುವು. "ಸುಳ್ಳು ಲೆಕ್ಕ ಸಾರ್ ಇದು. ಎಂಟು ಜನಕ್ಕೆ ಮೆಮೋ ಕೊಡಬೇಕು ಅಂತ ಇದ್ದೀನಿ" ಎಂದನು.

ಮೆಮೋ ಕೊಡುವ ಮೊದಲು ನಾವೊಮ್ಮೆ ಅವರೊಡನೆ ಮಾತನಾಡುವೆವೆಂದು ಹೇಳಿ ಹೋದೆವು. ಚಹದ ಹೊತ್ತಿನಲ್ಲಿ ಸುಮಾರು ಐವತ್ತು ವಯಸ್ಸಿನ, ಶಿರಾ ಕಡೆಯ ಒಬ್ಬ ಕೆಲಸಗಾರನು ನಮ್ಮ ಪಕ್ಕದಲ್ಲಿ ಕುಳಿತನು. ಆತನ ಕಥೆ ಇದು. ಕೆಲವು ವಾರಗಳ ಹಿಂದೆ ತನ್ನ ಯಂತ್ರದಲ್ಲಿ ಎಂದೂ ಇಲ್ಲದ ಒಂದು ಕೀರಲು ಸದ್ದನ್ನು ಕೇಳಿ, ಆತನು ಓಟವನ್ನು ನಿಲ್ಲಿಸಿ 'ಏನೋ ಸದ್ದು' ಎಂಬುದನ್ನು ಒತ್ತಿದನು. ಮೆಕ್ಯಾನಿಕ್ಕನು ಬಂದು ಬಿಚ್ಚಿ ನೋಡಿದರೆ ಜಾರುಹಳಿಗೆ ಎಣ್ಣೆಯೊಯ್ಯುವ ನಳಿಗೆಯು ಕಟ್ಟಿಕೊಂಡಿತ್ತು. ಐವತ್ತು ನಿಮಿಷದಲ್ಲಿ ಸರಿಹೋಯಿತು. ಹಾಗೆಯೇ ಓಡಿಸಿದ್ದರೆ ಹಳಿಯೇ ಗೀರುಬಿದ್ದು ವಾರಗಟ್ಟಲೆ ಯಂತ್ರವು ಮೂಲೆಗೆ ಬೀಳುತ್ತಿತ್ತು. ಆದರೆ ವಾರದ ಕೊನೆಗೆ ನಿಲುಗಡೆಯ ಪಟ್ಟಿಯನ್ನು ಎಲ್ಲರೆದುರು ಓದಿದಾಗ ಆತನ ಹೆಸರೇ ಮೊದಲು ಬಂದಿತು. ಮೇಲ್ವಿಚಾರಕನು ನಾಲ್ಕು ಮಾತು ಆಡಿದನು. ಆ ತಿಂಗಳ ಉತ್ಪಾದನೆಯ ಭತ್ಯದಲ್ಲಿಯೂ ಸ್ವಲ್ಪ ಕಡಿತವಾಯಿತು.

"ಮೇಷ್ಟ್ರೆ, ಕರೆಂಟ್ ಹೋಯ್ತು ಅಂತ ಒತ್ತಿದರೆ ಯಾರೂ ಬಂದು ಕೇಳೋದಿಲ್ಲ. ಸದ್ದು ಬಂತು ಅಂತ ಒತ್ತಿದರೆ ಮೂರು ಜನ ಬಂದು ನಿಂತ್ಕೋತಾರೆ. ನಮಗೂ ಸಂಸಾರ ಇದೆಯಲ್ಲ" ಎಂದು ಆತನು ತಣ್ಣಗೆ ಹೇಳಿದನು. ಕೇಳಿಕೊಂಡಿದ್ದ ಉಳಿದವರು ತಲೆ ತಗ್ಗಿಸಿ ಚಹ ಕುಡಿದರು.

ನಾವು ಬಾಲಕರಾಗಿ ಓದಿದ ಹಳ್ಳಿಯ ಶಾಲೆಯ ಒಂದು ಸಂಗತಿಯು ನಮಗೆ ನೆನಪಾಯಿತು. ಅಲ್ಲಿ ರಜಾಚೀಟಿಯಲ್ಲಿ ಯಾವ ಹುಡುಗನೂ ಜ್ವರವಲ್ಲದೆ ಬೇರೆ ಕಾರಣವನ್ನು ಬರೆಯುತ್ತಿರಲಿಲ್ಲ. ಒಬ್ಬನು ನಿಜವಾಗಿ, ಹೊಲದಲ್ಲಿ ಕಳೆ ಕೀಳಲು ಅಪ್ಪ ಕರೆದುಕೊಂಡು ಹೋದನೆಂದು ಬರೆದಿದ್ದಕ್ಕೆ ಬೆತ್ತದ ರುಚಿಯನ್ನು ಕಂಡಿದ್ದನು. ಅಂದಿನಿಂದ ಊರಿಗೆಲ್ಲ ಜ್ವರ. ಆ ಚೀಟಿಗಳನ್ನು ನಂಬಿ ಯಾವನಾದರೂ ವೈದ್ಯನು ಬಂದಿದ್ದರೆ ಆ ಊರಿಗೆ ಮಹಾಮಾರಿಯೇ ಹೊಕ್ಕಿದೆಯೆಂದು ಭಾವಿಸಿ ಔಷಧದ ಗಾಡಿಯನ್ನೇ ತರಿಸುತ್ತಿದ್ದನು. ಶಿಷ್ಯನಿಗೆ ಇದನ್ನು ಹೇಳಿ, "ಅಪ್ಪಾ, ನೀನು ಈಗ ಹೊಸ ಜನರೇಟರು ಕೊಳ್ಳಬೇಕೆಂದಿದ್ದೆಯಲ್ಲ, ಅದೂ ಈ ಜ್ವರಕ್ಕೆ ತರಿಸುವ ಔಷಧವೇ" ಎಂದೆವು. ಆತನು ಸುಮ್ಮನಾದನು. 'ಕರೆಂಟ್ ಇಲ್ಲ' ಎಂಬ ಕಂಬದ ಎತ್ತರವನ್ನು ನೋಡಿ ಆತನು ಲಕ್ಷಗಟ್ಟಲೆ ಹಣವನ್ನು ಜನರೇಟರಿಗೆ ಸುರಿಯಲು ಸಿದ್ಧನಾಗಿದ್ದುದು ನಿಜ.

ಆಮೇಲೆ ಆತನಿಗೆ ಎರಡು ಸಂಗತಿಗಳನ್ನು ಹೇಳಿದೆವು. ಮೊದಲನೆಯದು ಸಾಕಿಚಿ ಟೊಯೊಡಾ ಎಂಬವರ ಮಗ್ಗದ್ದು. ಅವರು 1924ರಲ್ಲಿ ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗವು ನೂಲು ಕಡಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಸಾಮಾನ್ಯರ ದೃಷ್ಟಿಗೆ ನಿಲ್ಲುವುದು ಯಂತ್ರದ ದೋಷ. ಅವರಿಗೆ ಅದೇ ಗುಣವಾಯಿತು. ನಿಲ್ಲದ ಮಗ್ಗವು ಕೆಟ್ಟ ಬಟ್ಟೆಯನ್ನು ಗಜಗಟ್ಟಲೆ ನೇಯುತ್ತಲೇ ಹೋಗುವುದು. ಆ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಎಂಬ ಹೆಸರಾಂತ ಕಂಪೆನಿಯವರೇ ಕೊಂಡರು. ಮುಂದೆ ಅದೇ ಮನೆತನದವರು ಕಟ್ಟಿದ ಮೋಟಾರು ಕಾರ್ಖಾನೆಯಲ್ಲಿ, ದೋಷವನ್ನು ಕಂಡ ಯಾವ ಕೆಲಸಗಾರನಾದರೂ ಹಗ್ಗವನ್ನೆಳೆದು ಸಹಾಯಕ್ಕೆ ಕರೆಯಬಹುದು, ಬೇಕಾದರೆ ಸಾಲನ್ನೇ ನಿಲ್ಲಿಸಬಹುದು ಎಂಬ ಏರ್ಪಾಡು ಬಂದಿತು. ಸದ್ದು ಕೇಳಿ ನಿಲ್ಲಿಸಿದ ಶಿರಾ ಕಡೆಯವನು ಆ ಕಾರ್ಖಾನೆಯಲ್ಲಿದ್ದಿದ್ದರೆ ಆತನು ತನ್ನ ಕರ್ತವ್ಯವನ್ನು ಮಾಡಿದವನೆನಿಸುತ್ತಿದ್ದನು.

ಎರಡನೆಯದು ಅದೇ ಮೋಟಾರು ಕಾರ್ಖಾನೆಯ ತಾಯಿಚಿ ಓನೋ ಎಂಬವರು 1978ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಹೇಳಿರುವ ದೃಷ್ಟಾಂತ. ಯಂತ್ರವೊಂದು ನಿಂತಿತು, ಏಕೆಂದರೆ ಭಾರ ಹೆಚ್ಚಿ ಫ್ಯೂಸು ಹೋಯಿತು. ಭಾರವೇಕೆ ಹೆಚ್ಚಿತು? ಬೇರಿಂಗಿಗೆ ಎಣ್ಣೆ ಸಾಲದಾಯಿತು. ಎಣ್ಣೆಯೇಕೆ ಸಾಲದಾಯಿತು? ಪಂಪು ಸರಿಯಾಗಿ ಎತ್ತಲಿಲ್ಲ. ಏಕೆ ಎತ್ತಲಿಲ್ಲ? ಅದರ ದಂಡವು ಸವೆದಿತ್ತು. ಏಕೆ ಸವೆಯಿತು? ಜರಡಿಯಿಲ್ಲದೆ ಲೋಹದ ಚೂರು ಒಳಹೊಕ್ಕಿತ್ತು. ಮೊದಲ ಉತ್ತರಕ್ಕೇ ನಿಂತವನು ಫ್ಯೂಸನ್ನು ಬದಲಿಸಿ ಹೋಗುವನು. ಯಂತ್ರವು ನಾಲ್ಕು ದಿನದಲ್ಲಿ ಮತ್ತೆ ನಿಲ್ಲುವುದು. ಐದನೆಯ ಉತ್ತರಕ್ಕೆ ಮುಟ್ಟಿದವನು ಒಂದು ಜರಡಿಯನ್ನು ಹಾಕಿ ನಿಶ್ಚಿಂತನಾಗುವನು. ಆದರೆ ಈ ಪ್ರಶ್ನೆಗಳ ಸರಣಿಯಲ್ಲಿ 'ಯಾರು' ಎಂಬ ಪ್ರಶ್ನೆಯೇ ಇಲ್ಲವೆಂಬುದನ್ನು ನೋಡು, ಎಂದು ಶಿಷ್ಯನಿಗೆ ತೋರಿಸಿದೆವು. ಯಾರು ಎಂದು ಕೇಳಿದೊಡನೆ ಉತ್ತರ ಹೇಳಬೇಕಾದವನು ಬಾಯಿ ಮುಚ್ಚುವನು; ಏಕೆ ಎಂಬುದು ಅಲ್ಲಿಗೇ ನಿಲ್ಲುವುದು.

ಶಿಷ್ಯನು ಒಳ್ಳೆಯ ಮನಸ್ಸಿನವನು. ಮೆಮೋಗಳನ್ನು ಕೈಬಿಟ್ಟನು. ಮರುದಿನ ಬೆಳಗ್ಗೆ ಎಲ್ಲರನ್ನೂ ಕರೆದು, ನಿಲುಗಡೆಯ ಲೆಕ್ಕವನ್ನು ಇನ್ನು ಮೇಲೆ ಯಾರ ಭತ್ಯಕ್ಕೂ ಜೋಡಿಸುವುದಿಲ್ಲ, ಹೆಸರು ಹಿಡಿದು ಓದಿಸುವುದಿಲ್ಲ ಎಂದು ಮಾತು ಕೊಟ್ಟನು. ಶಿರಾ ಕಡೆಯವನ ಕಡಿತವಾದ ಹಣವನ್ನು ಹಿಂದಕ್ಕೆ ಕೊಡಿಸಿದನು. 'ಇತರೆ' ಎಂದು ಒತ್ತಿದರೆ ಒಂದು ಸಾಲು ಬರೆಯಬೇಕು, ಅಥವಾ ಬಾಯಲ್ಲಿ ಹೇಳಿದರೆ ಸಾಕು, ಮೇಲ್ವಿಚಾರಕನು ಬರೆದುಕೊಳ್ಳುವನು ಎಂದೂ ಗೊತ್ತುಮಾಡಿದನು.

ಇಲ್ಲಿಯವರೆಗಿನದು ಸುಲಭದ ಭಾಗ. ಕಷ್ಟದ ಭಾಗವು ಮುಂದಿನ ತಿಂಗಳು ಬಂದಿತು. ನಿಲುಗಡೆಯು ಇಳಿಯುವುದಕ್ಕೆ ಬದಲಾಗಿ ಏರಿತು! ಹಿಂದೆ ಕೆಲಸಗಾರರು ಸಣ್ಣ ನಿಲುಗಡೆಗಳನ್ನು ಮರೆಮಾಡಲು ಯಂತ್ರವನ್ನು ಬರಿದೆ ತಿರುಗಿಸಿ ಹಸುರು ದೀಪವನ್ನು ಉರಿಸಿಡುತ್ತಿದ್ದರಂತೆ. ಈಗ ಆ ಹೊತ್ತೂ ಬಯಲಿಗೆ ಬಂದಿತ್ತು. ಅದೇ ವಾರದಲ್ಲಿ ಮಾಲು ಕೊಳ್ಳುವ ಒಂದು ದೊಡ್ಡ ಕಂಪೆನಿಯವರು ಈ ಅಂಕಿಗಳನ್ನು ತಮಗೆ ಕಳುಹಿಸಬೇಕೆಂದು ಬರೆದಿದ್ದರು. ಅಂಕಿ ಕೆಟ್ಟರೆ ಕೆಲಸವು ಬೇರೆಯವರ ಪಾಲಾದೀತೆಂಬ ಭಯ ಶಿಷ್ಯನಿಗೆ. ರಾತ್ರಿ ಒಂಬತ್ತು ಗಂಟೆಗೆ ನಮಗೆ ಫೋನು ಮಾಡಿ, "ನಿಮ್ಮ ಮಾತು ಕೇಳಿ ಕೆಟ್ಟೆ ಸಾರ್. ಹಳೇ ಪದ್ಧತಿಯೇ ವಾಸಿಯಾಗಿತ್ತು" ಎಂದನು.

ನಮಗೂ ಆ ಮಾತು ತಟ್ಟಿತು. ಆತನದು ಸಾಲ ಮಾಡಿ ಕಟ್ಟಿದ ಕಾರ್ಖಾನೆ. ನಾವು ಪಿಂಚಣಿಯ ನೆರಳಿನಲ್ಲಿ ಕುಳಿತು ಧರ್ಮ ಹೇಳುವವರು. ಆದರೂ ಹೀಗೆಂದೆವು: "ನಿಲುಗಡೆ ಹೆಚ್ಚಲಿಲ್ಲಪ್ಪ, ಇದ್ದದ್ದು ಕಂಡಿತು. ಜ್ವರವಿದ್ದವನ ಬಾಯಲ್ಲಿ ಥರ್ಮಾಮೀಟರಿಟ್ಟರೆ ಜ್ವರ ಬರುವುದು ಥರ್ಮಾಮೀಟರಿನಿಂದಲೆ? ನೀನು ಮಾತು ಕೊಟ್ಟು ಒಂದೇ ತಿಂಗಳಾಯಿತು. ಈಗ ಹಿಂದೆಗೆದರೆ ಇನ್ನು ಹತ್ತು ವರ್ಷ ಆ ಫಲಕದ ಮೇಲೆ ಒಂದು ನಿಜವೂ ಬೀಳುವುದಿಲ್ಲ. ಕಂಪೆನಿಯವರಿಗೆ ಇದ್ದುದನ್ನು ಬರೆ. ಏನು ಮಾಡುತ್ತಿರುವೆಯೆಂಬುದನ್ನೂ ಬರೆ." ಆತನು ಉತ್ತರ ಕೊಡದೆ ಫೋನನ್ನು ಇಟ್ಟನು.

ಆದರೆ ಮಾತನ್ನು ಉಳಿಸಿಕೊಂಡನು. ಮುಂದಿನ ವಾರ ಕಂಬಗಳನ್ನು ಮತ್ತೆ ನೋಡಿದಾಗ ಯಾರೂ ಎಣಿಸದಿದ್ದ ಒಂದು ಕಾರಣವು ತಲೆಯೆತ್ತಿ ನಿಂತಿತ್ತು: 'ಅಳತೆಗೆ ಕಾಯ್ತಾ ಇದೆ'. ಪ್ರತಿ ಪಾಳಿಯ ಆರಂಭದಲ್ಲಿ ಕಡೆದ ಮೊದಲನೆಯ ಬಿಲ್ಲೆಯನ್ನು ಪರೀಕ್ಷಕನು ಅಳೆದು ಒಪ್ಪಿದಲ್ಲದೆ ಎರಡನೆಯದನ್ನು ಕಡೆಯುವಂತಿಲ್ಲ. ಪರೀಕ್ಷಕನು ಒಬ್ಬನೇ, ಆತನ ಬಳಿಯಿದ್ದ ಗೇಜೂ ಒಂದೇ. ಎಲ್ಲ ಯಂತ್ರಗಳೂ ಒಂದೇ ಹೊತ್ತಿಗೆ ಹೊರಡುತ್ತಿದ್ದುದರಿಂದ, ಕೊನೆಯ ಯಂತ್ರದವನು ತನ್ನ ಸರದಿಗಾಗಿ ಬಹಳ ಹೊತ್ತು ಕೈಕಟ್ಟಿ ನಿಲ್ಲಬೇಕಾಗಿತ್ತು. ಇದು ಯಂತ್ರದ ದೋಷವಲ್ಲ, ಕೆಲಸಗಾರನ ದೋಷವಲ್ಲ, ಮೆಕ್ಯಾನಿಕ್ಕನದೂ ಅಲ್ಲ, ವಿದ್ಯುತ್ತಿನ ಇಲಾಖೆಯದಂತೂ ಅಲ್ಲವೇ ಅಲ್ಲ. ಶಿಷ್ಯನು ಇನ್ನೊಂದು ಗೇಜನ್ನು ತರಿಸಿದನು. ಪರೀಕ್ಷಕನು ಪಾಳಿಗಿಂತ ಅರ್ಧ ಗಂಟೆ ಮೊದಲು ಬಂದು ಅರ್ಧ ಗಂಟೆ ಮೊದಲು ಹೋಗುವಂತೆ ಏರ್ಪಡಿಸಿದನು. ಯಂತ್ರಗಳನ್ನು ಒಂದರ ಹಿಂದೆ ಒಂದಾಗಿ ಹೊರಡಿಸಿದನು. ಜನರೇಟರಿಗೆಂದು ತೆಗೆದಿರಿಸಿದ ಹಣದ ಬಹುಪಾಲು ಬ್ಯಾಂಕಿನಲ್ಲಿಯೇ ಉಳಿಯಿತು. ದೊಡ್ಡ ಕಂಪೆನಿಯವರು ಅಂಕಿಗಳನ್ನು ನೋಡಿ ಕೆಲವು ಪ್ರಶ್ನೆಗಳನ್ನು ಕೇಳಿದರೇ ಹೊರತು ಕೆಲಸವನ್ನು ಕಿತ್ತುಕೊಳ್ಳಲಿಲ್ಲ.

ಇದರಿಂದ ಆ ಕಾರ್ಖಾನೆಯಲ್ಲಿ ಯಂತ್ರಗಳು ನಿಲ್ಲುವುದೇ ತಪ್ಪಿತೆಂದು ವಾಚಕರು ತಿಳಿಯಬಾರದು. ಯಂತ್ರವಿರುವವರೆಗೆ ಸವೆತವುಂಟು, ಸವೆತವಿರುವವರೆಗೆ ನಿಲುಗಡೆಯುಂಟು. ಆದರೆ ಈಗ ಅಲ್ಲಿಯ ಫಲಕದ ಮೇಲೆ ಬಿದ್ದ ಕಾರಣವನ್ನು ನಂಬಿ ಹಣ ಖರ್ಚುಮಾಡಬಹುದು. ಲೆಕ್ಕದ ಬೆಲೆಯೆಲ್ಲ ಅಷ್ಟರಲ್ಲಿಯೇ ಇದೆ. ತಂತ್ರಾಂಶವು ಕಾಲವನ್ನು ಕ್ಷಣಗಳವರೆಗೆ ತಪ್ಪದೆ ಬರೆಯಬಲ್ಲುದು. ಕಾರಣವನ್ನು ಹೇಳುವವನು ಭಯವಿಲ್ಲದೆ ಹೇಳುವಂತೆ ಮಾಡುವುದು ಯಜಮಾನನ ಕೆಲಸ. ಅದನ್ನು ಯಾವ ಅಂಗಡಿಯಿಂದಲೂ ಕೊಂಡು ತರಲಾಗದು.

ಗೃಹಸ್ಥರಾದ ವಾಚಕರಿಗೂ ಇದರಲ್ಲಿ ಉಪಯೋಗವುಂಟೆಂದು ನಮ್ಮ ಭಾವನೆ. ಇಂದಿನ ಮನೆಯೂ ಒಂದು ಸಣ್ಣ ಕಾರ್ಖಾನೆಯೇ. ನೀರೆತ್ತುವ ಪಂಪು, ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ, ಕರೆಂಟು ಹೋದಾಗ ದೀಪ ಹಚ್ಚುವ ಯುಪಿಎಸ್ಸು, ಇವುಗಳಲ್ಲಿ ಒಂದಲ್ಲ ಒಂದು ನಿಲ್ಲುತ್ತಲೇ ಇರುತ್ತದೆ. ಪ್ರತಿಯೊಂದಕ್ಕೂ ನೋಟು ಪುಸ್ತಕದಲ್ಲಿ ಒಂದು ಹಾಳೆಯನ್ನು ಮೀಸಲಿಟ್ಟು, ನಿಂತ ದಿನ, ಆಗ ಕಂಡ ಲಕ್ಷಣ, ಸದ್ದೋ ವಾಸನೆಯೋ, ರಿಪೇರಿಯವನನ್ನು ಕರೆದ ದಿನ, ಆತನು ಬಂದ ದಿನ, ಬದಲಿಸಿದ ಭಾಗ, ತೆತ್ತ ಹಣ, ಮತ್ತೆ ಓಡಿದ ದಿನ, ಇಷ್ಟನ್ನು ಬರೆದಿಟ್ಟರೆ ಸಾಕು. ಪಂಪಿನ ಕೆಪಾಸಿಟರನ್ನು ವರ್ಷದಲ್ಲಿ ಮೂರು ಸಲ ಬದಲಿಸಿದುದು ಆ ಹಾಳೆಯಲ್ಲಿ ಕಂಡರೆ, ನಾಲ್ಕನೆಯದನ್ನು ಕೊಳ್ಳುವ ಮೊದಲು ಮೂಲವನ್ನು ವಿಚಾರಿಸುವ ಬುದ್ಧಿ ಬರುವುದು.

ಅದಕ್ಕಿಂತ ಮುಖ್ಯವಾದುದು ಇನ್ನೊಂದು. ಮಿಕ್ಸಿಯಿಂದ ಸುಟ್ಟ ವಾಸನೆ ಬಂದಿತೆಂದು ಸೊಸೆಯೋ ಮಗಳೋ ಕೆಲಸದವಳೋ ಬಂದು ಹೇಳಿದಾಗ, ನೀನು ಏನು ಮಾಡಿದೆ ಎಂದು ಮೊದಲು ಕೇಳಬಾರದು. ಯಾವಾಗ ಬಂದಿತು, ಒಳಗೆ ಏನಿತ್ತು, ಎಷ್ಟು ಹೊತ್ತು ತಿರುಗಿತ್ತು ಎಂದು ಕೇಳಬೇಕು. ಹಾಗೆ ಕೇಳುವ ಮನೆಯಲ್ಲಿ ಯಂತ್ರವು ಸುಟ್ಟು ಹೋಗುವ ಮೊದಲೇ ಸುದ್ದಿ ಬರುವುದು. ಮೊದಲಿನಂತೆ ಕೇಳುವ ಮನೆಯಲ್ಲಿ, ಮುಟ್ಟಿದವರು ಯಾರೂ ಇಲ್ಲದೆ, ಯಂತ್ರವು ತಾನಾಗಿಯೇ ಕೆಟ್ಟಿರುವುದು.